ಶಿನ್ ನೋವು, ಜನವರಿಗೆ ಮುಂಬೈ ಫುಲ್. ಓಡಲಾ, ನಿಲ್ಲಿಸಲಾ?

ಮೈಸೂರು ಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ವಯಸ್ಸು 38, ಬ್ಯಾಂಕಿನಲ್ಲಿ ಕೆಲಸ. ಹಾಫ್ ಮ್ಯಾರಥಾನ್ ಕೆಲವು ಮುಗಿಸಿದ್ದೇನೆ. ಜನವರಿಯ ಮುಂಬೈ ಮ್ಯಾರಥಾನ್ ನನ್ನ ಮೊದಲ ಫುಲ್, ಅಂದರೆ ಪೂರ್ತಿ 42 ಕಿ.ಮೀ. ಹೆಸರು ಕೊಟ್ಟಾಗಿದೆ, ರೈಲು ಟಿಕೆಟ್ ಆಗಿದೆ, ಡೊಂಬಿವಲಿಯಲ್ಲಿರುವ ಅಣ್ಣನ ಮನೆಗೂ ಬರುತ್ತೇನೆ ಅಂತ ಹೇಳಿಯಾಗಿದೆ.

ದಸರಾ ರಜೆಯಲ್ಲಿ ಸಮಯ ಸಿಕ್ಕಿತು ಅಂತ ಲಾಂಗ್ ರನ್ 18 ಕಿ.ಮೀ. ಇದ್ದದ್ದು 26ಕ್ಕೆ ಹೋಯಿತು. ಮುಂಬೈ ಓಟದ ದಾರಿಯಲ್ಲಿ ಬರುವ ಪೆಡ್ಡರ್ ರೋಡ್ ಏರಿಗೆ ಅಭ್ಯಾಸ ಆಗಲಿ ಅಂತ ವಾರಕ್ಕೊಮ್ಮೆ ಚಾಮುಂಡಿ ಬೆಟ್ಟದ ರಸ್ತೆ ಹತ್ತಿ ಇಳಿಯುವುದೂ ಶುರುವಾಯಿತು. ಈಗ ಎಡಗಾಲಿನಲ್ಲಿ, ಮೊಣಕಾಲಿನ ಕೆಳಗಿನ ಮುಂದಿನ ಮೂಳೆಯ ಒಳಗಡೆ ನೋವು. ಮೊದಲು ಓಟದ ಆರಂಭದಲ್ಲಿ ಮಾತ್ರ ಇರುತ್ತಿತ್ತು, ಮೈ ಬಿಸಿಯಾದ ಮೇಲೆ ಹೋಗುತ್ತಿತ್ತು. ಈಗ ಓಟದ ಉದ್ದಕ್ಕೂ ಇದೆ. ಬ್ಯಾಂಕಿನ ಮೆಟ್ಟಿಲು ಇಳಿಯುವಾಗಲೂ ಗೊತ್ತಾಗುತ್ತದೆ.

ನಮ್ಮ ಗುಂಪಿನವರು ಇದು ಶಿನ್ ಸ್ಪ್ಲಿಂಟ್ಸ್ (ಓಟ ಜಾಸ್ತಿಯಾಗಿ ಈ ಮೂಳೆಯ ಉದ್ದಕ್ಕೂ ಬರುವ ನೋವು), ಎಲ್ಲರಿಗೂ ಬರುತ್ತೆ, ಓಡ್ತಾ ಓಡ್ತಾ ಹೋಗುತ್ತೆ ಅನ್ನುತ್ತಾರೆ. ಓಟಕ್ಕೆ ಮುಂಚೆ ಒಂದು ನೋವಿನ ಮಾತ್ರೆ ತಗೊಂಡರೆ ಆರಾಮಾಗಿ ಮುಗಿಯುತ್ತದೆ. ಇನ್ನು ಎರಡು ತಿಂಗಳು ಹೀಗೇ ತಳ್ಳಬಹುದಾ? ಓಡದಿದ್ದರೆ ತಲೆ ಕೆಡುತ್ತೆ, ಅದನ್ನೂ ಹೇಳಿಬಿಡುತ್ತೇನೆ.

ಲಾಲ್‌ಬಾಗ್ ಲ್ಯಾಪ್ಸ್

ಎರಡು ವಾರ ರೆಸ್ಟ್. ಐಸ್. ಶೂ ಹಳೆಯದಾಗಿದ್ದರೆ ಬದಲಾಯಿಸಿ. ಆಮೇಲೆ ನಿಧಾನಕ್ಕೆ ಶುರು ಮಾಡಿ.

ಛಲಗಾರ

ನೋವಿಲ್ಲದೆ ಫುಲ್ ಓಡಿದವರು ಯಾರಿದ್ದಾರೆ ಮೇಡಂ? ಜೋನ್ ಬೆನಾಯ್ಟ್ 1984ರಲ್ಲಿ ಮೊಣಕಾಲಿಗೆ ಆಪರೇಷನ್ ಆದ 17ನೇ ದಿನಕ್ಕೆ ಅಮೆರಿಕದ ಒಲಿಂಪಿಕ್ ಆಯ್ಕೆ ಮ್ಯಾರಥಾನ್ ಗೆದ್ದರು. ಅದೇ ವರ್ಷ ಲಾಸ್ ಏಂಜಲಿಸ್‌ನಲ್ಲಿ ಚಿನ್ನ. ಮನಸ್ಸು ಗಟ್ಟಿ ಇರಬೇಕು, ಅಷ್ಟೇ.

ಕಡಲತಡಿ

ಎಂಥದ್ದು ಮಾರಾಯ್ರೆ! ಬೆನಾಯ್ಟ್ ಅವರದ್ದು ಕೀಲಿನ ತೊಂದರೆ, ಸಣ್ಣ ರಂಧ್ರದ ಆಪರೇಷನ್‌ನಲ್ಲಿ ಸರಿಹೋಯಿತು. ಮೂಳೆ ನೋವಿಗೂ ಅದಕ್ಕೂ ಏನು ಸಂಬಂಧ? ಉದಾಹರಣೆ ಬೇಕೇ ಬೇಕು ಅಂದ್ರೆ ಪೌಲಾ ರ‍್ಯಾಡ್‌ಕ್ಲಿಫ್ ಇದ್ದಾರೆ. 2003ರಲ್ಲಿ 2 ಗಂಟೆ 15 ನಿಮಿಷ 25 ಸೆಕೆಂಡಿಗೆ ವಿಶ್ವ ದಾಖಲೆ ಮಾಡಿದವರು. 2008ರಲ್ಲಿ ತೊಡೆಯ ಮೂಳೆಯಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಪದೇ ಪದೇ ಹೊರೆ ಬಿದ್ದು ಮೂಡುವ ಸಣ್ಣ ಬಿರುಕು, ಆಯಿತು. ಪೂರ್ತಿ ತಯಾರಿ ಇಲ್ಲದೆ ಬೀಜಿಂಗ್ ಒಲಿಂಪಿಕ್ಸ್ ಓಡಿದರು, 23ನೇ ಸ್ಥಾನ. ಅವರ ಮನಸ್ಸು ಗಟ್ಟಿ ಇರಲಿಲ್ಲ ಅಂತೀರಾ?

ಛಲಗಾರ

ಸರಿ ಸರ್, ಒಪ್ಪಿದೆ. ಹುರಿದುಂಬಿಸೋಣ ಅಂತ ಹೇಳಿದೆ ಅಷ್ಟೇ.

ಫಿಸಿಯೋ ಅಕ್ಕ

ಮಲ್ಲಿಗೆ ಅವರೇ, ಸಲಹೆಗೆ ಮುಂಚೆ ಕೆಲವು ಪ್ರಶ್ನೆ. ಆ ಮೂಳೆಯ ಅಂಚಿನ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ಒತ್ತುತ್ತಾ ಬನ್ನಿ. ನೋವು ಒಂದು ಗೇಣಿನಷ್ಟು ಉದ್ದಕ್ಕೆ ಹರಡಿದೆಯಾ, ಇಲ್ಲ ಒಂದೇ ಜಾಗದಲ್ಲಿ "ಅಯ್ಯೋ" ಅನ್ನಿಸುತ್ತದಾ? ರಾತ್ರಿ ಮಲಗಿದಾಗ, ಕಾಲು ಸುಮ್ನೆ ಇದ್ದಾಗಲೂ ನೋಯುತ್ತದಾ? ಈಚೆಗೆ ತೂಕ ಇಳಿದಿದೆಯಾ? ಮುಟ್ಟು ಸರಿಯಾಗಿ ಆಗುತ್ತಿದೆಯಾ? ಕೊನೆಯದು ಎಲ್ಲರ ಮುಂದೆ ಹೇಳಲು ಇಷ್ಟವಿಲ್ಲದಿದ್ದರೆ ಬೇಡ, ಆದರೆ ಡಾಕ್ಟರಿಗೆ ಖಂಡಿತ ಹೇಳಿ. ಒಂಟಿ ಕಾಲಲ್ಲಿ ಕುಪ್ಪಳಿಸಿ ನೋಡಿ ಅಂತ ಯಾರಾದರೂ ಹೇಳಿದರೆ ಸದ್ಯಕ್ಕೆ ಮಾಡಬೇಡಿ.

ಔಷಧಿ ಅಂಗಡಿ, ಹಾಸನ

ಮಾತ್ರೆ ಬಗ್ಗೆ ನಾನು ಹೇಳುತ್ತೇನೆ. ಕೌಂಟರಿನ ಈ ಕಡೆ ನಿಂತು ದಿನಾ ನೋಡುತ್ತಿರುವುದು ಇದನ್ನೇ. ಭಾನುವಾರ ಓಟ ಇದೆ ಅಂದರೆ ಶನಿವಾರ ಸಂಜೆ ಬರುತ್ತಾರೆ, "ಒಂದು ಸ್ಟ್ರಿಪ್ ಕಾಂಬಿಫ್ಲಾಮ್ ಕೊಡಿ" ಅಂತಾರೆ. ಅದರಲ್ಲಿ ಐಬುಪ್ರೊಫೆನ್ 400 ಮಿ.ಗ್ರಾಂ, ಪ್ಯಾರಸಿಟಮಾಲ್ 325 ಮಿ.ಗ್ರಾಂ ಇದೆ. ತೊಂದರೆ ಇರುವುದು ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ಮಾತ್ರೆಗಳಲ್ಲಿ. ತುಂಬಾ ಹೊತ್ತು ಓಡುವಾಗ ರಕ್ತ ಕಾಲಿನ ಕಡೆಗೆ, ಚರ್ಮದ ಕಡೆಗೆ ಜಾಸ್ತಿ ಹೋಗುತ್ತದೆ, ಕಿಡ್ನಿಗೆ ಕಡಿಮೆ ಬರುತ್ತದೆ. ಆಗ ಕಿಡ್ನಿ ತನ್ನ ರಕ್ತನಾಳ ತೆರೆದಿಟ್ಟುಕೊಳ್ಳಲು ಯಾವ ರಾಸಾಯನಿಕವನ್ನು ನಂಬಿರುತ್ತದೋ, ಅದನ್ನೇ ಈ ಮಾತ್ರೆ ಕಡಿಮೆ ಮಾಡುತ್ತದೆ. ಬೆವರಿ ನೀರು ಕಮ್ಮಿಯಾಗಿದ್ದರೆ ಇನ್ನೂ ಕಷ್ಟ.

2017ರಲ್ಲಿ ಒಂದು ಅಧ್ಯಯನ ಬಂತು. 80 ಕಿ.ಮೀ. ಓಡುತ್ತಿದ್ದ 89 ಜನರಲ್ಲಿ ಕೆಲವರಿಗೆ ನಾಲ್ಕು ಗಂಟೆಗೊಮ್ಮೆ ಐಬುಪ್ರೊಫೆನ್, ಉಳಿದವರಿಗೆ ಸುಳ್ಳು ಮಾತ್ರೆ ಕೊಟ್ಟರು. ಓಟದ ಕೊನೆಗೆ ಕಿಡ್ನಿಗೆ ಏಟು ಬಿದ್ದ ಲಕ್ಷಣ ಸುಳ್ಳು ಮಾತ್ರೆಯವರಲ್ಲಿ 34%, ಐಬುಪ್ರೊಫೆನ್‌ನವರಲ್ಲಿ 52%. ಬಹಳ ಜನರಿಗೆ ಅದು ತಾನಾಗಿ ಸರಿಹೋಗುತ್ತದೆ, ನಿಜ. ನಿಮಗೂ ಹೋಗುತ್ತೆ ಅಂತ ಯಾರು ಬರೆದುಕೊಡುತ್ತಾರೆ? ಪ್ಯಾರಸಿಟಮಾಲ್ ಮಾತ್ರ ತಗೋತೀನಿ ಅಂದರೆ ಕಿಡ್ನಿಯ ವಿಷಯದಲ್ಲಿ ಪರವಾಗಿಲ್ಲ. ಆದರೆ ಕಾಲು ಏನು ಹೇಳುತ್ತಿದೆ ಅನ್ನುವುದು ಕೇಳಿಸದ ಹಾಗೆ ಮಾಡುವುದರಲ್ಲಿ ಎರಡೂ ಒಂದೇ.

ಮೈಸೂರು ಮಲ್ಲಿಗೆ

ಅಕ್ಕಾ, ಇಲ್ಲೇ ಹೇಳುತ್ತೇನೆ, ಬೇರೆಯವರಿಗೂ ಉಪಯೋಗ ಆಗಬಹುದು. ಒತ್ತಿದಾಗ ನೋವು ಒಂದೇ ಜಾಗದಲ್ಲಿದೆ, ಹೆಬ್ಬೆಟ್ಟಿನಷ್ಟು ಅಗಲ. ರಾತ್ರಿ ಮಿಡಿದ ಹಾಗೆ ಆಗಿ ಎಚ್ಚರವಾಗುತ್ತದೆ. ತೂಕ ಇಳಿದಿದೆ, ಎಲ್ಲರೂ ಹೊಗಳುತ್ತಿದ್ದರು. ಮುಟ್ಟು ಕೆಲವು ತಿಂಗಳಿಂದ ಏರುಪೇರು. ವರ್ಗಾವಣೆಯ ಟೆನ್ಷನ್ ಇರಬೇಕು ಅಂತ ಬಿಟ್ಟಿದ್ದೆ. ರಾತ್ರಿ ಊಟಕ್ಕೆ ಹಣ್ಣು, ಒಂದು ಲೋಟ ಮಜ್ಜಿಗೆ ಅಷ್ಟೇ.

ಫಿಸಿಯೋ ಅಕ್ಕ

ಹಾಗಾದರೆ ಇವತ್ತಿಂದ ಓಟ ನಿಲ್ಲಿಸಿ. ಹೆದರಿಸಲು ಹೇಳುತ್ತಿಲ್ಲ. ಇಷ್ಟೂ ಲಕ್ಷಣ ಒಟ್ಟಿಗೆ ಬಂದರೆ ಶಿನ್ ಸ್ಪ್ಲಿಂಟ್ಸ್ ಅಂತ ಕೂರುವ ಹಾಗಿಲ್ಲ. ಮೂಳೆಗೇ ಏಟು ಬಿದ್ದಿರಬಹುದು. ಮೂಳೆ ಡಾಕ್ಟರಿಗೆ ತೋರಿಸಿ. ಎಕ್ಸ್‌ರೇ ತೆಗೆಸಿ ಏನೂ ಇಲ್ಲ ಅಂದರೆ ಅಲ್ಲಿಗೇ ಖುಷಿಯಾಗಿ ವಾಪಸ್ ಬರಬೇಡಿ. ಇಂಥ ಸಣ್ಣ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಇರುವುದೇ ಹೆಚ್ಚು. ಎಂಆರ್‌ಐ ಬೇಕಾ ಅಂತ ಕೇಳಿ.

ಇದು ಹೇಗಾಗುತ್ತದೆ ಅಂತ ಗೊತ್ತಿದ್ದರೆ ನಿಲ್ಲಿಸುವುದು ಸ್ವಲ್ಪ ಸುಲಭ. ಮೂಳೆ ಸತ್ತ ಕಟ್ಟಿಗೆ ಅಲ್ಲ. ಹೊರೆ ಜಾಸ್ತಿಯಾದರೆ ತನ್ನನ್ನು ತಾನೇ ಗಟ್ಟಿ ಮಾಡಿಕೊಳ್ಳುತ್ತದೆ. ಆದರೆ ಅದು ಮಾಡುವ ಕ್ರಮ ಹಳೇ ಮನೆಯ ಹೆಂಚು ಬದಲಾಯಿಸಿದ ಹಾಗೆ. ಮೊದಲು ಹಳೆಯದನ್ನು ಇಳಿಸಬೇಕು, ಆಮೇಲೆ ಹೊಸದು. ಇಳಿಸುವ ಕೆಲಸ ಕೆಲವು ವಾರದಲ್ಲಿ ಮುಗಿಯುತ್ತದೆ, ಹೊಸದು ಕೂರಲು ತಿಂಗಳುಗಟ್ಟಲೆ ಬೇಕು. ನಡುವೆ ಮಳೆ ಬಂತೋ, ಕೆಟ್ಟಿತು. ಲಾಂಗ್ ರನ್ ಜಾಸ್ತಿ ಮಾಡಿದ ಮೂರು ನಾಲ್ಕು ವಾರಕ್ಕೆ ಸರಿಯಾಗಿ ನೋವು ಏಳುವುದು ಇದೇ ಕಾರಣಕ್ಕೆ. ಉಸಿರು, ಹೃದಯ ಎಲ್ಲ ಅಷ್ಟರಲ್ಲಿ ಚುರುಕಾಗಿರುತ್ತವೆ. ಮೈಯೆಲ್ಲಾ ಹಗುರ ಅನ್ನಿಸುತ್ತಿರುತ್ತದೆ. ಮೂಳೆ ಮಾತ್ರ ಹಿಂದೆ ಉಳಿದಿರುತ್ತದೆ.

ಇನ್ನು ಊಟ. ನೀವು ಕೊನೆಯಲ್ಲಿ ಬರೆದದ್ದೇ ನನಗೆ ಮುಖ್ಯವಾಗಿ ಕಂಡಿತು. ಓಟ ಜಾಸ್ತಿ, ಊಟ ಕಮ್ಮಿ ಆದಾಗ ದೇಹ ಖರ್ಚು ಉಳಿಸಲು ಒಂದೊಂದೇ ಕೆಲಸ ನಿಲ್ಲಿಸುತ್ತದೆ. ಹೆಂಗಸರಲ್ಲಿ ಮುಟ್ಟು ಏರುಪೇರಾಗುವುದು ಬೇಗ ಕಣ್ಣಿಗೆ ಬೀಳುವ ಗುರುತು. ಅದರ ಜೊತೆ ಈಸ್ಟ್ರೋಜನ್ ಇಳಿಯುತ್ತದೆ, ಮೂಳೆ ಕಟ್ಟುವ ಕೆಲಸ ಕುಂಟುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ರೆಡ್-ಎಸ್ ಅಂತ ಹೆಸರಿಟ್ಟಿತು. ಗಂಡಸರಿಗೂ ಬರುತ್ತದೆ, ಅವರಿಗೆ ಗುರುತು ಸಿಗುವುದು ತಡ. ಹಾಗಾಗಿ ಮೂಳೆ ಡಾಕ್ಟರ್ ಒಬ್ಬರೇ ಸಾಲದು. ಸ್ತ್ರೀರೋಗ ತಜ್ಞರನ್ನೂ ನೋಡಿ, ವಿಟಮಿನ್ ಡಿ, ಥೈರಾಯ್ಡ್, ಕಬ್ಬಿಣದಂಶ ಎಲ್ಲ ನೋಡಿಸಿ. ರಾತ್ರಿ ಊಟ ವಾಪಸ್ ಬರಲಿ. ನಮ್ಮ ರಾಗಿ 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ದಿನಕ್ಕೆ ಬೇಕಾಗುವುದು 1000. ಮುದ್ದೆ ತಿನ್ನಿ, ಹಾಲು ಮೊಸರು ತಿನ್ನಿ. ಆದರೆ ಬರೀ ಕ್ಯಾಲ್ಸಿಯಂ ಕಡೆ ನೋಡಬೇಡಿ. ಒಟ್ಟು ಅನ್ನವೇ ಕಡಿಮೆ ಬಿದ್ದಿದ್ದರೆ ಮಾತ್ರೆ ನುಂಗಿ ಪ್ರಯೋಜನ ಇಲ್ಲ.

ಅಂಕಿ ರಾಯ

ಎಂದಿನಂತೆ ಅಂಕಿ ಹಿಡಿದುಕೊಂಡು ಬಂದೆ, ಕ್ಷಮಿಸಿ. ಓಟದ ದೂರ ವಾರಕ್ಕೆ 10%ಗಿಂತ ಜಾಸ್ತಿ ಏರಿಸಬಾರದು ಅನ್ನುವ ಮಾತು ಎಲ್ಲರ ಬಾಯಲ್ಲಿದೆ. ನೆದರ್ಲೆಂಡ್ಸ್‌ನ ಗ್ರೋನಿಂಗೆನ್‌ನಲ್ಲಿ ಇದನ್ನು ಪರೀಕ್ಷೆ ಮಾಡಿ 2008ರಲ್ಲಿ ಪ್ರಕಟಿಸಿದರು. ಹೊಸ ಓಟಗಾರರ ಒಂದು ಗುಂಪು 13 ವಾರ 10% ಲೆಕ್ಕದಲ್ಲಿ ಏರಿಸಿತು, ಇನ್ನೊಂದು 8 ವಾರದಲ್ಲೇ ಬೇಗ ಬೇಗ ಏರಿಸಿತು. ಎರಡರಲ್ಲೂ ಐದರಲ್ಲಿ ಒಬ್ಬರಿಗೆ ಪೆಟ್ಟು. ವ್ಯತ್ಯಾಸವೇ ಇಲ್ಲ.

2025ರಲ್ಲಿ ಇನ್ನೊಂದು ದೊಡ್ಡ ಅಧ್ಯಯನ ಬಂತು, ಐದು ಸಾವಿರಕ್ಕೂ ಹೆಚ್ಚು ಓಟಗಾರರ ಮೇಲೆ. ಅದರಲ್ಲಿ ವಾರದ ಮೊತ್ತ ಅಷ್ಟು ಮುಖ್ಯ ಅನ್ನಿಸಲಿಲ್ಲ. ಕಳೆದ 30 ದಿನದಲ್ಲಿ ಓಡಿದ ಅತಿ ಉದ್ದದ ಓಟಕ್ಕಿಂತ ಒಂದೇ ಓಟ 10% ಮೀರಿದರೆ ಪೆಟ್ಟಿನ ಸಂಭವ ಏರಿತು. ಮಲ್ಲಿಗೆ ಅವರ 18ರಿಂದ 26 ಅಂದರೆ 44%. ಅದರ ಮೇಲೆ ಬೆಟ್ಟ ಇಳಿದದ್ದು ಬೇರೆ.

ತುರಹಳ್ಳಿ

ಯಾರಾದರೂ ಪುತ್ತೂರು ಕಟ್ಟು ಹಾಕಿಸಿದ್ದೀರಾ? ನಮ್ಮ ಮಾವ ಮಲ್ಲಿಗೆ ಅವರಿಗೆ ಅದನ್ನೇ ಹೇಳು ಅಂತಿದ್ದಾರೆ. ಮೊಟ್ಟೆ, ಸೊಪ್ಪು, ಬಟ್ಟೆ.

ಕಡಲತಡಿ

ನಿಮ್ಮ ಮಾವನಿಗೆ ನಮಸ್ಕಾರ ಹೇಳಿ. ಅದು ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ್ದು. ಪ್ರತಿ ಸಲ ನಮ್ಮೂರಿನವರು ಇದನ್ನು ಹೇಳಬೇಕಾಗುತ್ತದೆ.

ಫಿಸಿಯೋ ಅಕ್ಕ

ಬಿಗಿಯಾಗಿ ಕಟ್ಟಿಸಿಕೊಳ್ಳುವುದು, ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಿಸಿಕೊಳ್ಳುವುದು ಎರಡೂ ಈಗ ಬೇಡ. ಸ್ಟ್ರೆಸ್ ಫ್ರ್ಯಾಕ್ಚರ್ ಇದ್ದರೆ ಆ ಜಾಗವನ್ನು ತಿಕ್ಕಿ ಉಪಯೋಗವಿಲ್ಲ.

ಐಸ್ ಬಗ್ಗೆ ಮೇಲೆ ಬಂದಿತ್ತು. ರೆಸ್ಟ್, ಐಸ್ ಅನ್ನುವ ಸೂತ್ರಕ್ಕೆ 1978ರಲ್ಲಿ ಹೆಸರು ಕೊಟ್ಟ ಗೇಬ್ ಮಿರ್ಕಿನ್ ಎಂಬ ವೈದ್ಯರೇ ಆಮೇಲೆ ಐಸ್ ಗುಣವಾಗುವುದನ್ನು ತಡಮಾಡಬಹುದು ಅಂತ ಮಾತು ಬದಲಾಯಿಸಿದರು. ನೋವು ಕಮ್ಮಿಯಾಗಲಿ ಅಂತ ಹತ್ತು ನಿಮಿಷ ಇಟ್ಟರೆ ತಪ್ಪಿಲ್ಲ, ಅದರಿಂದ ಮೂಳೆ ಕೂಡುವುದಿಲ್ಲ ಅಷ್ಟೇ.

ಹೊಸ ಶೂ

ನನಗೂ ಶಿನ್ ನೋವಿದೆ, ಆದರೆ ಉದ್ದಕ್ಕೆ ಹರಡಿದ ಹಾಗೆ. ರಾತ್ರಿ ಏನೂ ಇಲ್ಲ. ನಾನೂ ಪೂರ್ತಿ ನಿಲ್ಲಿಸಬೇಕಾ? ಸ್ನೇಹಿತನಿಗೆ ಮೊಣಕಾಲ ಚಿಪ್ಪಿನ ಸುತ್ತ ನೋವು, ಅವನು ಓಡುತ್ತಲೇ ಇದ್ದಾನೆ.

ಫಿಸಿಯೋ ಅಕ್ಕ

ಇಬ್ಬರೂ ಪೂರ್ತಿ ನಿಲ್ಲಿಸಬೇಕಾಗಿಲ್ಲ. ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ನೋವು, ಮೊಣಕಾಲ ಚಿಪ್ಪಿನ ನೋವು ಇವಕ್ಕೆ ಒಂದು ಅಳತೆ ಇದೆ. ಸೊನ್ನೆಯಿಂದ ಹತ್ತರವರೆಗೆ ನೋವಿಗೆ ಅಂಕ ಕೊಡಿ. ಓಡುವಾಗ ಐದರೊಳಗೆ ಇದ್ದರೆ, ಮರುದಿನ ಬೆಳಗ್ಗೆಗೆ ಮೊದಲಿನ ಮಟ್ಟಕ್ಕೆ ಇಳಿದಿದ್ದರೆ, ವಾರದಿಂದ ವಾರಕ್ಕೆ ಏರದಿದ್ದರೆ ಅಷ್ಟು ಹೊರೆ ದೇಹ ತಡೆಯುತ್ತಿದೆ ಅಂತ. ಸ್ವೀಡನ್‌ನಲ್ಲಿ ಅಕಿಲಿಸ್, ಅಂದರೆ ಹಿಮ್ಮಡಿ ಹಿಂದಿನ ಟೆಂಡನ್, ನೋವಿದ್ದವರ ಮೇಲೆ ಇದನ್ನು ನೋಡಿ 2007ರಲ್ಲಿ ಪ್ರಕಟಿಸಿದ್ದಾರೆ. ವ್ಯಾಯಾಮದ ಜೊತೆಗೆ ಈ ಅಳತೆಯೊಳಗೆ ಓಡಿದವರು, ಆರು ವಾರ ಓಟ ಬಿಟ್ಟವರಿಗಿಂತ ಹಿಂದೆ ಬೀಳಲಿಲ್ಲ.

ನಿಮ್ಮ ಹರಡಿದ ಶಿನ್ ನೋವಿಗೆ ನಾನು ಇನ್ನೂ ಬಿಗಿ ಮಾಡುತ್ತೇನೆ: ಮೂರು ಮೀರಬಾರದು. ದೂರ ಅರ್ಧ ಮಾಡಿ, ಇಳಿಜಾರು ಬಿಡಿ, ಮಣ್ಣಿನ ದಾರಿ ಹಿಡಿಯಿರಿ, ಮೀನಖಂಡದ ವ್ಯಾಯಾಮ ಶುರು ಮಾಡಿ. ಆದರೆ ಒತ್ತಿದರೆ ಒಂದೇ ಜಾಗದಲ್ಲಿ ನೋಯುವ ಮೂಳೆ ನೋವಿಗೆ ಈ ಅಂಕದ ಆಟ ನಡೆಯುವುದಿಲ್ಲ. ಅಲ್ಲಿ ಎರಡು ಅಂಕವೂ ಜಾಸ್ತಿ. ಎಷ್ಟು ನೋವು ಅನ್ನುವುದಕ್ಕಿಂತ ಎಲ್ಲಿ, ಯಾವಾಗ, ಮರುದಿನ ಹೇಗೆ ಅನ್ನುವುದನ್ನು ಬರೆದಿಡಿ.

ನಿಮ್ಮ ಸ್ನೇಹಿತನಿಗೆ ಹೆಜ್ಜೆ ಸ್ವಲ್ಪ ಚಿಕ್ಕದು ಮಾಡಿ, ನಿಮಿಷಕ್ಕೆ ಹೆಜ್ಜೆ 5ರಿಂದ 10% ಜಾಸ್ತಿ ಮಾಡಲು ಹೇಳಿ. ಅದೇ ವೇಗ, ಮೊಣಕಾಲಿಗೆ ಬೀಳುವ ಹೊರೆ ಕಡಿಮೆ.

ಲಾಲ್‌ಬಾಗ್ ಲ್ಯಾಪ್ಸ್

ನನ್ನ ಎರಡು ವಾರ ರೆಸ್ಟ್ ಅನ್ನುವ ಸಲಹೆ ಯಾರೂ ಕೇಳಲಿಲ್ಲ ಅಂತ ಕಾಣುತ್ತೆ.

ಮೈಸೂರು ಮಲ್ಲಿಗೆ

ರಿಪೋರ್ಟ್ ಬಂತು. ಮೂಳೆಯೊಳಗೆ ಬಾವು ಇದೆ, ಬಿರುಕಿನ ಗೆರೆ ಇಲ್ಲ. ಸ್ಟ್ರೆಸ್ ರಿಯಾಕ್ಷನ್, ಅಂದರೆ ಬಿರುಕಿಗೆ ಮುಂಚಿನ ಹಂತ ಅಂದರು. ಒಳ ಅಂಚಿನ ಹಿಂಭಾಗದಲ್ಲಿ ಇರುವುದರಿಂದ ಚೆನ್ನಾಗಿ ಕೂಡುತ್ತದಂತೆ. ಮೂಳೆಯ ಮುಂದಿನ ಅಂಚಿನಲ್ಲಿ ಆಗಿದ್ದರೆ ಕಥೆ ಬೇರೆ ಇತ್ತಂತೆ. ಆರು ವಾರ ಓಟ ಇಲ್ಲ, ನೋವಿಲ್ಲದಷ್ಟು ನಡೆಯಬಹುದು. ವಿಟಮಿನ್ ಡಿ ಕಮ್ಮಿ ಬಂದಿದೆ. ಸ್ತ್ರೀರೋಗ ತಜ್ಞರು ಮೊದಲು ಕೇಳಿದ್ದೇ ರಾತ್ರಿ ಏನು ಊಟ ಅಂತ!

ಲೆಕ್ಕ ಹಾಕಿದರೆ ಜನವರಿ ಮುಗಿದ ಮಾತು. ಅತ್ತುಬಿಟ್ಟೆ. ಬೆಳಗ್ಗೆ ಐದಕ್ಕೆ ಎಚ್ಚರವಾಗುತ್ತೆ, ಏನು ಮಾಡಬೇಕು ಗೊತ್ತಾಗಲ್ಲ. ಗುಂಪಿನವರು ಕುಕ್ಕರಹಳ್ಳಿ ಕೆರೆ ಫೋಟೋ ಹಾಕಿದರೆ ನೋಡಲು ಆಗುವುದಿಲ್ಲ. ನಾದಿನಿ ನನ್ನ ಬದಲು ಓಡುತ್ತೇನೆ ಅಂತಿದ್ದಾಳೆ, ಅವಳಿಗೆ ಬಿಬ್ (ಎದೆ ಮೇಲೆ ಹಾಕುವ ಓಟದ ನಂಬರ್) ಕೊಡಬಹುದಾ?

ಔಷಧಿ ಅಂಗಡಿ, ಹಾಸನ

ಬಿಬ್ ಕೊಡಬೇಡಿ ತಾಯಿ. ದಾರಿಯಲ್ಲಿ ಯಾರಾದರೂ ಕುಸಿದರೆ ವೈದ್ಯರು ಆ ನಂಬರ್ ಹಿಡಿದೇ ಹೆಸರು, ವಯಸ್ಸು, ಮನೆಯವರ ಫೋನ್ ಹುಡುಕುತ್ತಾರೆ. ನಿಮ್ಮ ಹೆಸರಲ್ಲಿ ನಾದಿನಿ ಮಲಗಿದ್ದರೆ ಫೋನ್ ಯಾರಿಗೆ ಹೋಗುತ್ತದೆ ಯೋಚಿಸಿ.

ಕಡಲತಡಿ

ಐದಕ್ಕೆ ಎದ್ದರೆ ನೀರಿಗೆ ಇಳಿಯಿರಿ. ಸರಸ್ವತಿಪುರಂನ ವಿಶ್ವವಿದ್ಯಾಲಯದ ಈಜುಕೊಳ ಇದೆಯಲ್ಲ, ಸಮಯ ವಿಚಾರಿಸಿ. ಮೊದಲು ಡಾಕ್ಟರಿಗೆ ಒಂದು ಮಾತು ಕೇಳಿ. ಈಜು ಬರದಿದ್ದರೆ ಅಲ್ಲಿನ ಕೋಚ್ ಪಕ್ಕದಲ್ಲಿರಲಿ. ಸೊಂಟಕ್ಕೆ ತೇಲುವ ಬೆಲ್ಟ್ ಕಟ್ಟಿಕೊಂಡು ಕಾಲು ತಳಕ್ಕೆ ತಾಗದ ಆಳದಲ್ಲಿ ನಿಂತ ಭಂಗಿಯಲ್ಲೇ ಓಡುವುದು. ಸ್ವಲ್ಪ ಮುಂದಕ್ಕೆ ಬಾಗಬೇಕು, ಸೈಕಲ್ ತುಳಿದ ಹಾಗೆ ಆಗಬಾರದು. ಮೂಳೆಗೆ ಏಟಿಲ್ಲ, ಏದುಸಿರು ಮಾತ್ರ ಬರುತ್ತದೆ. ನೀರಿನಲ್ಲಿ ಹೃದಯ ಬಡಿತ ನೆಲದಷ್ಟು ಏರುವುದಿಲ್ಲ, ವಾಚ್ ನೋಡಿ ಬೇಜಾರು ಮಾಡ್ಕೋಬೇಡಿ. ಎರಡು ನಿಮಿಷ ಜೋರು, ಒಂದು ನಿಮಿಷ ನಿಧಾನ, ಹೀಗೆ ಅರ್ಧ ಗಂಟೆ. ಬೋರು ಹೊಡೆಯುತ್ತದೆ, ಅದಕ್ಕೆ ಮದ್ದಿಲ್ಲ.

ಗುಂಪಿನ ಫೋಟೋ ಮ್ಯೂಟ್ ಮಾಡಿ. ಅದರಲ್ಲಿ ನಾಚಿಕೆ ಏನಿಲ್ಲ. ಆದರೆ ಓಟ ಮುಗಿದ ಮೇಲೆ ಇಡ್ಲಿ ತಿನ್ನಲು ಕೂರುತ್ತಾರಲ್ಲ, ಅಲ್ಲಿಗೆ ಹೋಗಿ.

ಫಿಸಿಯೋ ಅಕ್ಕ

ಡೊಂಬಿವಲಿಗೂ ಹೋಗಿ ಬನ್ನಿ, ಟಿಕೆಟ್ ಇದೆಯಲ್ಲ.

ವಾಪಸ್ ಓಡುವುದು ಕ್ಯಾಲೆಂಡರ್ ನೋಡಿ ಬೇಡ. ಡಾಕ್ಟರ್ ಒಪ್ಪಬೇಕು, ಒತ್ತಿದರೆ ನೋವಿರಬಾರದು, ಅರ್ಧ ಗಂಟೆ ಚುರುಕಾಗಿ ನಡೆದರೂ ಮರುದಿನ ಏನೂ ಇರಬಾರದು. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ದಿನ ಬಿಟ್ಟು ದಿನ. ಮೊದಲು ದೂರ ಬರಲಿ, ವೇಗ ಆಮೇಲೆ, ಬೆಟ್ಟ ಎಲ್ಲಕ್ಕಿಂತ ಕೊನೆಗೆ. ಮುಟ್ಟು ಸರಿಯಾಗುವವರೆಗೆ ಯಾವ ಫುಲ್‌ಗೂ ಹೆಸರು ಕೊಡಬೇಡಿ. ಇದೊಂದು ಮಾತು ಜಗ್ಗಾಡಬೇಡಿ.

ಸಾಧನಕೇರಿ ಮಾಸ್ತರ

ಇದೇ ಚರ್ಚೆಯೊಳಗೆ ನನ್ನದೂ ಒಂದು ಕೇಳತೀನ್ರೀ. ಧಾರವಾಡ, ವಯಸ್ಸು 61, ನಿವೃತ್ತ ಶಿಕ್ಷಕ. ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ಓಡುತ್ತೇನೆ. ಹಿಮ್ಮಡಿ ಹಿಂದಿನ ನರ ಬೆಳಗ್ಗೆ ಎದ್ದ ಕೂಡಲೇ ಬಿಗಿ, ನಾಲ್ಕು ಹೆಜ್ಜೆ ಕುಂಟಿ ಆಮೇಲೆ ಸರಿ. ಈ ವಾರ ಬಲಗಾಲಿನದು ಸ್ವಲ್ಪ ದಪ್ಪ ಆಗೇದ.

ಲಾಲ್‌ಬಾಗ್ ಲ್ಯಾಪ್ಸ್

ಇದು ನನಗೆ ಗೊತ್ತು ಸರ್, ಅಕಿಲಿಸ್. ಸ್ವೀಡನ್‌ನ ಆಲ್‌ಫ್ರೆಡ್‌ಸನ್ ಎಂಬ ಸರ್ಜನ್ 1998ರಲ್ಲಿ ಪ್ರಕಟಿಸಿದ ವ್ಯಾಯಾಮ ಇದೆ. ಮೆಟ್ಟಿಲ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಂತು ಹಿಮ್ಮಡಿ ನಿಧಾನಕ್ಕೆ ಕೆಳಗಿಳಿಸುವುದು. ಮೊಣಕಾಲು ನೇರ ಇಟ್ಟು 15ರಂತೆ ಮೂರು ಸುತ್ತು, ಬಗ್ಗಿಸಿ ಮೂರು ಸುತ್ತು, ದಿನಕ್ಕೆ ಎರಡು ಹೊತ್ತು. ಒಟ್ಟು 180, ಹನ್ನೆರಡು ವಾರ. ರೆಸ್ಟ್ ಅಂತ ನಾನು ಹೇಳುವುದಿಲ್ಲ ಈ ಸಲ.

ಔಷಧಿ ಅಂಗಡಿ, ಹಾಸನ

ಮೇಷ್ಟ್ರೇ, ಮೆಟ್ಟಿಲು ಹತ್ತುವ ಮುಂಚೆ ಒಂದು ಪ್ರಶ್ನೆ. ಈಚೆಗೆ ಜ್ವರಕ್ಕೋ, ಭೇದಿಗೋ, ಮೂತ್ರದ ಸೋಂಕಿಗೋ ಆಂಟಿಬಯಾಟಿಕ್ ತಗೊಂಡಿದ್ದೀರಾ? ಹೆಸರಿನ ಕೊನೆಗೆ "ಫ್ಲಾಕ್ಸಾಸಿನ್" ಅಂತ ಬರುವುದು? ಸಿಪ್ರೊಫ್ಲಾಕ್ಸಾಸಿನ್, ಓಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್. ಈ ಜಾತಿಯ ಔಷಧಿಗೂ ಅಕಿಲಿಸ್ ಹರಿಯುವುದಕ್ಕೂ ನಂಟಿದೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. 60 ದಾಟಿದವರಿಗೆ, ಸ್ಟೀರಾಯ್ಡ್ ತಗೊಳ್ಳುವವರಿಗೆ ಅಪಾಯ ಜಾಸ್ತಿ. ಮಾತ್ರೆ ನಿಲ್ಲಿಸಿ ತಿಂಗಳುಗಳಾದ ಮೇಲೂ ಆಗಬಹುದು.

ಸಾಧನಕೇರಿ ಮಾಸ್ತರ

ಮಳೆಗಾಲದಾಗ ಟೈಫಾಯಿಡ್ ಇರಬಹುದು ಅಂತ ಕೊಟ್ಟಿದ್ದರು. ಚೀಟಿ ಹುಡುಕಿದೆ. ಓಫ್ಲಾಕ್ಸಾಸಿನ್ ಅಂತಲೇ ಅದ.

ಔಷಧಿ ಅಂಗಡಿ, ಹಾಸನ

ಅದೇ ಕಾರಣ ಅಂತ ನಾನು ಹೇಳಲಾರೆ. ಆದರೆ 180 ಸಲ ಇಳಿಸುವುದು ಈಗ ಬೇಡ, ಓಟವೂ ಬೇಡ. ಆ ಚೀಟಿ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ, ಸ್ಕ್ಯಾನ್ ಮಾಡಿ ನೋಡಲಿ. ಮುಂದೆ ಯಾವ ಡಾಕ್ಟರ್ ಆಂಟಿಬಯಾಟಿಕ್ ಬರೆದರೂ ಇದನ್ನು ಮೊದಲೇ ಹೇಳಿ. ನಡುವೆ ಹಿಮ್ಮಡಿ ಹಿಂದೆ ಯಾರೋ ಒದ್ದ ಹಾಗೆ "ಟಪ್" ಅಂದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಸಾಧನಕೇರಿ ಮಾಸ್ತರ

ನಾಳೆ ಹತ್ತು ಗಂಟೆಗೆ ಹೊಂಟೇನ್ರೀ. ಚೀಟಿ ಅಂಗಿ ಕಿಸೆದಾಗ ಇಟ್ಟೀನಿ.